ಕಲಿಸಹೊರಟವರ ಪೆಟ್ಟಿಗೆ

ಮಂಗಳೂರಿನ ಬಲ್ಮಠದಲ್ಲಿ ನಮ್ಮ ನೆರೆಯವರಾಗಿರುವ ವೃದ್ಧೆಯೊಬ್ಬರು, ಬಾಸೆಲ್ ಮಿಷನ್ನಿನ ದಿನಗಳಿಂದ ಕ್ರೈಸ್ತಧರ್ಮವನ್ನು ಅನುಸರಿಸಿಕೊಂಡು ಬಂದ ಮನೆತನದವರು, ಅಮೆರಿಕದಲ್ಲಿ ಹುಟ್ಟಿ ಅಲ್ಲಿಯೇ ಕಾಲೇಜಿನಲ್ಲಿ ಓದುತ್ತಿರುವ ತಮ್ಮ ಮೊಮ್ಮಗನಿಂದ ಬಂದ ಕಾಗದವನ್ನು ಒಂದು ಸಂಜೆ ನನ್ನ ಮುಂದೆ ಹಿಡಿದು, “ನೋಡಿ ಮಾಷ್ಟ್ರೇ, ನಮ್ಮ ಹುಡುಗ ಆಫ್ರಿಕಾಕ್ಕೆ ಹೋಗ್ತಾನಂತೆ, ಹಳ್ಳಿಶಾಲೆಯ ಮಕ್ಕಳಿಗೆ ಕಲಿಸ್ಲಿಕ್ಕೆ” ಎಂದಾಗ ಅವರ ಮುಖದಲ್ಲಿ ಮೂಡಿದ ಅಭಿಮಾನವು ನನಗೂ ಸಂಕ್ರಮಿಸಿತು. ಅವನು ಹೋಗುವ ಚರ್ಚಿನ ತರುಣ ತರುಣಿಯರು ಬೇಸಗೆಯ ರಜೆಯಲ್ಲಿ ಹದಿನೈದು ದಿನಗಳ ಮಟ್ಟಿಗೆ ಕೀನ್ಯಾ ದೇಶದ ಕರಾವಳಿಗೆ ಹೋಗಿ, ಮೊಂಬಾಸ ಪಟ್ಟಣದಿಂದ ಒಳನಾಡಿಗೆ ಸರಿದ ಒಂದು ಗ್ರಾಮದ ಪ್ರಾಥಮಿಕ ಶಾಲೆಯಲ್ಲಿ ಸೇವೆ ಸಲ್ಲಿಸುವುದೆಂದು ನಿಶ್ಚಯವಾಗಿದ್ದಿತು. ಕಾಗದದ ಕೊನೆಯಲ್ಲಿ, ಹೊರಡುವವರು ಜೊತೆಗೆ ಒಯ್ಯಬೇಕಾದ ಸಾಮಾನುಗಳ ಪಟ್ಟಿಯಿತ್ತು: ಸೊಳ್ಳೆಪರದೆ, ಮಲೇರಿಯದ ಮಾತ್ರೆ, ಟಾರ್ಚು, ಅಗಲ ಅಂಚಿನ ಟೊಪ್ಪಿಗೆ, ಬಿಸಿಲಿಗೆ ಹಚ್ಚುವ ಮುಲಾಮು, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಮಕ್ಕಳಿಗಾಗಿ ಬಣ್ಣದ ಕಡ್ಡಿಗಳು, ಬಲೂನುಗಳು, ಒಂದು ಕಾಲ್ಚೆಂಡು, ಶಾಲೆಯ ಗೋಡೆಗೆ ಬಣ್ಣ ಬಳಿಯುವ ಕುಂಚಗಳು. ನಾನು ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡಾವರ್ತಿ ಓದಿದೆನು. ಬರೆದುಕೊಳ್ಳುವುದಕ್ಕೆ ಒಂದು ನೋಟುಪುಸ್ತಕವಾಗಲಿ, ಆ ಸೀಮೆಯ ಮಾತನ್ನು ಕಲಿಯುವುದಕ್ಕೆ ಒಂದು ಸಣ್ಣ ಪದಕೋಶವಾಗಲಿ ಅದರಲ್ಲಿ ಇರಲಿಲ್ಲ. ಬಹು ಸಣ್ಣ ಲೋಪ. ಆದರೂ ಅದು ನನ್ನನ್ನು ಆ ರಾತ್ರಿಯಿಡೀ ಬಾಧಿಸಿತು.

ತರುಣರ ಮೇಲೆ ನನಗೆ ಕೋಪವಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರಜೆ ಬಂದೊಡನೆ ಸಮುದ್ರತೀರದಲ್ಲಿ ಕಾಲ ಕಳೆಯಬಹುದಾದ ವಯಸ್ಸಿನಲ್ಲಿ, ನೆರೆಹೊರೆಯವರ ಕಾರುಗಳನ್ನು ತೊಳೆದು, ಚರ್ಚಿನ ಅಂಗಳದಲ್ಲಿ ಮನೆಯಲ್ಲಿ ಮಾಡಿದ ಕೇಕುಗಳನ್ನು ಮಾರಿ, ಪ್ರಯಾಣದ ಹಣವನ್ನು ತಾವೇ ಕೂಡಿಸಿಕೊಂಡು, ಎಂದೂ ಕಾಣದ ಮಕ್ಕಳ ಬಳಿಗೆ ಹೊರಡುವ ಮನಸ್ಸು ಸಾಮಾನ್ಯವಾದುದಲ್ಲ. ಅದರ ಹಿಂದಿರುವ ಭಕ್ತಿಯು ನಿಜವಾದುದು. ಅದನ್ನು ಹಾಸ್ಯ ಮಾಡುವವರ ಗುಂಪಿಗೆ ನಾನು ಸೇರಲಾರೆ. ನನ್ನ ವ್ಯಥೆಯೆಲ್ಲ ಇಷ್ಟೇ: ಶಾಲೆಯೆಂಬುದು ಮಾತಿನಿಂದ ನಡೆಯುವ ಸಂಸ್ಥೆ, ಮಾತನ್ನು ಮನೆಯಲ್ಲಿಯೇ ಬಿಟ್ಟು ಶಾಲೆಗೆ ಹೊರಟವನು, ಅವನ ಹೃದಯ ಎಷ್ಟೇ ದೊಡ್ಡದಾಗಿರಲಿ, ಅಲ್ಲಿ ಮಾಡುವುದಾದರೂ ಏನನ್ನು?

ಹುಡುಗನು ಹೊರಟಿದ್ದ ಊರಿನ ಹೆಸರನ್ನು ಭೂಪಟದಲ್ಲಿ ಹುಡುಕಿದಾಗ ಅದರ ಸಮೀಪದಲ್ಲಿಯೇ ರಬೈ ಎಂಬ ಗ್ರಾಮವು ಕಣ್ಣಿಗೆ ಬಿದ್ದಿತು. ಕಂಡೊಡನೆ ನನ್ನ ಮನಸ್ಸು ಪಟ್ಟಿಯನ್ನು ಬಿಟ್ಟು ನೂರೆಂಬತ್ತು ವರ್ಷಗಳಷ್ಟು ಹಿಂದಕ್ಕೆ ಹೋಯಿತು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯು ತನ್ನ ವಿದ್ಯಾಲಯದಲ್ಲಿ ತರುಣರನ್ನು, ಬಹುಮಟ್ಟಿಗೆ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಒಕ್ಕಲಿಗರ ಮತ್ತು ಕುಶಲಕರ್ಮಿಗಳ ಮಕ್ಕಳನ್ನು, ತರಬೇತುಗೊಳಿಸಿ ಪರದೇಶಗಳಿಗೆ ಕಳುಹಿಸುತ್ತಿದ್ದಿತು. ಆ ವಿದ್ಯಾಲಯದಿಂದ ಹೊರಟ ದಾರಿಗಳಲ್ಲಿ ಒಂದು ನಮ್ಮ ಮಂಗಳೂರಿಗೆ ಬಂದಿತು, ಇನ್ನೊಂದು ಮೊಂಬಾಸಕ್ಕೆ ಹೋಯಿತು. ಹಿಂದೂಸ್ಥಾನದ ಬಾಗಿಲು ಇಂಗ್ಲೆಂಡಿನ ಹೊರಗಿನ ಮಿಷನ್ನುಗಳಿಗೂ ತೆರೆದದ್ದು ಕಂಪನಿಯ 1833ರ ಸನ್ನದಿನಿಂದ. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಟ್ಯೂಬಿಂಗೆನ್ನಿನಲ್ಲಿ ಓದಿದ್ದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಅವನ ವಯಸ್ಸು ಇಪ್ಪತ್ತೈದು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ಲನಿಗೆ ಇಪ್ಪತ್ತೊಂದು. ನಮ್ಮ ನೆರೆಮನೆಯ ಅಜ್ಜಿಯ ಮೊಮ್ಮಗನಿಗೂ ಈಗ ಅಷ್ಟೇ ವಯಸ್ಸು.

ಅತ್ತ ಮೊಂಬಾಸದ ಕಥೆ ಇನ್ನೂ ಕಠಿಣವಾದುದು. ಟ್ಯೂಬಿಂಗೆನ್ನಿನ ಪಕ್ಕದ ಡೆರೆಂಡಿಂಗೆನ್ ಗ್ರಾಮದ ಯೋಹಾನ್ ಲುಡ್ವಿಗ್ ಕ್ರಾಪ್ಫ್ ಬಾಸೆಲ್ಲಿನಲ್ಲಿ ಕಲಿತು, ಇಂಗ್ಲಿಷರ ಮಿಷನ್ನೊಂದರ ಆಶ್ರಯದಲ್ಲಿ ಇಥಿಯೋಪಿಯಕ್ಕೆ ಹೋಗಿ, ಅಲ್ಲಿ ನೆಲೆ ತಪ್ಪಿ, 1844ರಲ್ಲಿ ಮೊಂಬಾಸದಲ್ಲಿ ಇಳಿದನು. ಇಳಿದ ಕೆಲವೇ ತಿಂಗಳುಗಳೊಳಗೆ ಅವನ ಹೆಂಡತಿಯೂ ಆಗತಾನೆ ಹುಟ್ಟಿದ ಹೆಣ್ಣುಮಗುವೂ ಜ್ವರದಿಂದ ತೀರಿಕೊಂಡರು. ಅಂತಹ ಶೋಕದ ನಡುವೆಯೂ ಅವನು ಬಿಡದೆ ನಡೆಸಿದ ಕಾರ್ಯವೆಂದರೆ ಸ್ವಾಹಿಲಿ ಭಾಷೆಯ ಅಭ್ಯಾಸ. ಊರಿನ ಮುಸಲ್ಮಾನ ಖಾಜಿಯವರ ನೆರವನ್ನು ಪಡೆದು, ಬೈಬಲ್ಲಿನ ಆದಿಕಾಂಡವನ್ನು ಆ ಭಾಷೆಗೆ ತಂದನು. ಮತಪ್ರಚಾರಕ್ಕೆಂದು ಬಂದವನು ಅನ್ಯಮತದ ನ್ಯಾಯಾಧಿಪತಿಯ ಮುಂದೆ ಪುಸ್ತಕವನ್ನು ತೆರೆದಿಟ್ಟುಕೊಂಡು ಕುಳಿತ ಆ ಚಿತ್ರವನ್ನು ನಾನು ಎಷ್ಟು ಬಾರಿ ನೆನೆದರೂ ನನಗೆ ತೃಪ್ತಿಯಾಗುವುದಿಲ್ಲ. 1846ರಲ್ಲಿ ಬಾಸೆಲ್ಲಿನಲ್ಲಿಯೇ ಕಲಿತ ಯೋಹಾನೆಸ್ ರೆಬ್‌ಮನ್ ಅವನನ್ನು ಕೂಡಿಕೊಂಡ ಮೇಲೆ ಇಬ್ಬರೂ ರಬೈಯಲ್ಲಿ ನೆಲೆ ಮಾಡಿದರು. ರೆಬ್‌ಮನ್ನನು ಆಫ್ರಿಕದಲ್ಲಿ ಇಪ್ಪತ್ತೊಂಬತ್ತು ವರ್ಷವಿದ್ದು, ದೃಷ್ಟಿಯನ್ನು ಕಳೆದುಕೊಂಡು, 1875ರಲ್ಲಿ ಸ್ವದೇಶಕ್ಕೆ ಮರಳಿದನು. ಕ್ರಾಪ್ಫ್ ಸ್ವಾಹಿಲಿಯ ವ್ಯಾಕರಣವನ್ನು 1850ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಮುದ್ರಿಸಿದನು. ಅವನ ನಿಘಂಟು ಅವನು ಸತ್ತ ಮರುವರ್ಷ, 1882ರಲ್ಲಿ, ಹೊರಬಂದಿತು. ಅವನೂ ಮೋಗ್ಲಿಂಗನೂ ಕಣ್ಣು ಮುಚ್ಚಿದ್ದು 1881ರಲ್ಲಿ, ಒಂದೇ ಸೀಮೆಯಲ್ಲಿ.

ಒಂದೇ ವಿದ್ಯಾಲಯದ ನಂಟಿನಿಂದ ಎಷ್ಟು ನಿಘಂಟುಗಳು ಹುಟ್ಟಿದವೆಂಬುದನ್ನು ಎಣಿಸಿದರೆ ವಿಸ್ಮಯವಾಗುತ್ತದೆ. ತಲಚೇರಿಯ ಗುಂಡರ್ಟ್ ಮಲಯಾಳಕ್ಕೆ 1872ರಲ್ಲಿ, ಪಶ್ಚಿಮ ಆಫ್ರಿಕದ ಕ್ರಿಸ್ಟಾಲರ್ ಟ್ವಿ ಭಾಷೆಗೆ 1881ರಲ್ಲಿ, ಕ್ರಾಪ್ಫ್ ಸ್ವಾಹಿಲಿಗೆ 1882ರಲ್ಲಿ, ಕಿಟ್ಟೆಲ್ ಕನ್ನಡಕ್ಕೆ 1894ರಲ್ಲಿ. ಇವರಲ್ಲಿ ಒಬ್ಬನೂ ನಿಘಂಟನ್ನು ಬರೆಯಬೇಕೆಂದು ಮನೆಯಿಂದ ಹೊರಟವನಲ್ಲ. ಹೊರಟದ್ದು ಸುವಾರ್ತೆಯನ್ನು ಸಾರುವುದಕ್ಕೆ, ಶಾಲೆಗಳನ್ನು ನಡೆಸುವುದಕ್ಕೆ. ಆದರೆ ಮಕ್ಕಳ ಮುಂದೆ ನಿಂತೊಡನೆ ತಮ್ಮ ಬಾಯಿಯಲ್ಲಿ ಮಾತಿಲ್ಲವೆಂಬುದು ಅವರಿಗೆ ಅರಿವಾಯಿತು, ಆ ಅರಿವಿನಿಂದ ಅವರು ನಾಚಿ ಓಡಲಿಲ್ಲ. ಕಿಟ್ಟೆಲ್ಲನ ಕೋಶದ ಯಾವ ಪುಟವನ್ನಾದರೂ ತೆರೆದು ನೋಡಿರಿ: ಕನ್ನಡ ಲಿಪಿಯಲ್ಲಿ ಶಬ್ದ, ಅದರ ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಉಚ್ಚಾರಣೆ, ಅರ್ಥ, ಆ ಶಬ್ದವು ಕಾಣಿಸಿಕೊಂಡ ಗ್ರಂಥದ ಸಂಕ್ಷೇಪನಾಮ, ತುಳು ತಮಿಳು ತೆಲುಗು ಮಲಯಾಳಗಳಲ್ಲಿ ಅದರ ಬಂಧುಗಳು, ಮತ್ತು ಅಲ್ಲಲ್ಲಿ, ಹಳ್ಳಿಯ ಮುದುಕಿಯ ಬಾಯಿಯಿಂದ ಈಗತಾನೆ ಬಂದಂತೆ, ಒಂದು ಗಾದೆ. ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಹರಿದಾಸರ ಪದಗಳನ್ನೂ 1848ರ ತರುವಾಯ ಕಲ್ಲಚ್ಚಿನಲ್ಲಿ ಮುದ್ರಿಸಿದವನು ಮೋಗ್ಲಿಂಗ್. 1843ರ ಜುಲೈ ಒಂದನೆಯ ತಾರೀಖಿನಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನು ಕೊಟ್ಟವನೂ ಅವನೇ. ವೈಷ್ಣವರ ಪದಗಳೂ ವೀರಶೈವರ ಪುರಾಣವೂ ಒಬ್ಬ ಕ್ರೈಸ್ತ ಪಾದ್ರಿಯ ಆಸ್ಥೆಯಿಂದ ಅಚ್ಚಾದುವೆಂಬುದನ್ನು ನಮ್ಮ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಹೇಳಬೇಕು.

ಇವರ ಚರಿತ್ರೆಯಲ್ಲಿ ಕಣ್ಣೀರಿಲ್ಲವೆಂದು ನಾನು ಹೇಳುತ್ತಿಲ್ಲ. 1844ರಲ್ಲಿ ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣ ತರುಣರು, ಆನಂದರಾವ್ ಕೌಂಡಿನ್ಯನೂ ಅವರಲ್ಲಿ ಒಬ್ಬ, ದೀಕ್ಷಾಸ್ನಾನವನ್ನು ಪಡೆದಾಗ ಊರು ಕೆರಳಿತು. ಮಗನು ಬದುಕಿದ್ದೂ ತಮ್ಮ ಪಾಲಿಗೆ ಇಲ್ಲವಾದನೆಂದು ಗೋಳಿಟ್ಟ ಮನೆಗಳ ದುಃಖವು ನಿಜವಾದ ದುಃಖ. ಶಾಲೆಗೆ ಮಗುವನ್ನು ಕಳುಹಿಸುವ ತಂದೆ ತಾಯಿಯರು ತಮ್ಮ ನಂಬಿಕೆಯನ್ನು ಒತ್ತೆಯಿಡಬೇಕಾಗಿ ಬರಬಾರದು. ಈ ಮಾತನ್ನು ಅಂದು ಮಂಗಳೂರಿನಲ್ಲಿ ಹೇಳಬೇಕಾಗಿದ್ದಂತೆ ಇಂದು ಕೀನ್ಯಾದಲ್ಲಿಯೂ ಹೇಳಬೇಕಾಗಿದೆ. ಆದರೆ ಅದೇ ಕೌಂಡಿನ್ಯನ ಕುಲದ, ಅವನ ದಾರಿಯನ್ನು ಎಂದೂ ಹಿಡಿಯದ, ಸಂಧ್ಯಾವಂದನೆಯನ್ನು ಬಿಡದ ಪಂಡಿತನೂ ಶಬ್ದವೊಂದರಲ್ಲಿ ಸಂಶಯ ಬಂದರೆ ಇಂದಿಗೂ ಕೈ ಚಾಚುವುದು ಕಿಟ್ಟೆಲ್ಲನ ಕೋಶಕ್ಕೆ. ಸೇವೆಯ ಯೋಗ್ಯತೆಯನ್ನು ಅಳೆಯುವುದಕ್ಕೆ ಇದಕ್ಕಿಂತ ಸರಿಯಾದ ಮಾನದಂಡವನ್ನು ನಾನರಿಯೆ: ಸೇವಕನ ಶ್ರದ್ಧೆಯನ್ನು ಒಪ್ಪದವನಿಗೂ, ಸೇವಕನು ಹೊರಟುಹೋದ ಬಳಿಕವೂ, ಅದು ಉಪಯೋಗಕ್ಕೆ ಬರಬೇಕು. ಕೆಲಸದ ಮೇಲೆ ಅವನ ಹೆಸರು ಇರಲಿ, ಇಲ್ಲದಿರಲಿ.

ನಮ್ಮ ಕರಾವಳಿಗೂ ಆ ಕರಾವಳಿಗೂ ಇರುವ ನಂಟು ಇಷ್ಟರಿಂದಲೇ ಮುಗಿಯುವುದಿಲ್ಲ. ಬಾಸೆಲ್ ಮಿಷನ್ನು 1865ರಲ್ಲಿ ಮಂಗಳೂರಿನಲ್ಲಿ ತೆರೆದ ಹೆಂಚಿನ ಕಾರ್ಖಾನೆಯ ತರುವಾಯ ಪ್ರಸಿದ್ಧವಾದ ನಮ್ಮ ಕೆಂಪು ಹೆಂಚುಗಳು ಹಡಗನ್ನೇರಿ ಪೂರ್ವ ಆಫ್ರಿಕದ ಮನೆಗಳ ಮಾಡನ್ನೇರಿದವು. ಅಲ್ಲಿಯೂ ತೆಂಗು, ಮಾವು, ಗೇರು. ಬಡವರ ಮನೆಗೆ ಅಲ್ಲಿಯೂ ಮಡಲಿನದೇ ಹೊದಿಕೆ. ಆದ್ದರಿಂದ ಬಾಸೆಲ್ಲಿನವರು ಅಕ್ಷರ ಕಲಿಸಿದ ಮನೆತನದ ಹುಡುಗನೊಬ್ಬನು ಅಮೆರಿಕವನ್ನು ಸುತ್ತುಬಳಸಿ ರಬೈಯ ನೆರೆಗೆ ಹೋಗುವನೆಂಬುದು ನನಗೆ ದೂರದ ಸುದ್ದಿಯಾಗಿ ಕಾಣಲಿಲ್ಲ. ನಮ್ಮ ಬೀದಿಯಿಂದಲೇ ಒಬ್ಬನು ಸಾಲ ತೀರಿಸಲು ಹೊರಟನೆಂದು ನಾನು ಒಳಗೊಳಗೇ ಹಿಗ್ಗಿದೆನು.

ಹೋಗಿ ಬಂದ ಮೇಲೆ ಅವನು ತನ್ನ ಅಜ್ಜಿಗೆ ದೀರ್ಘವಾದ ಪತ್ರವನ್ನು ಬರೆದನು. ಕೀನ್ಯಾ ಸರಕಾರವು 2003ರಲ್ಲಿ ಪ್ರಾಥಮಿಕ ಶಿಕ್ಷಣದ ಶುಲ್ಕವನ್ನು ತೆಗೆದುಹಾಕಿದಂದಿನಿಂದ ಅಲ್ಲಿಯ ಶಾಲೆಗಳಿಗೆ ಮಕ್ಕಳ ಪ್ರವಾಹವೇ ಹರಿದು ಬಂದಿತು. ಒಂದೇ ಬೆಂಚಿನಲ್ಲಿ ಒತ್ತಿ ಕುಳಿತ ಮಕ್ಕಳು ಒಂದು ಪುಸ್ತಕವನ್ನು ಹಲವರು ಹಂಚಿಕೊಂಡು ಓದುತ್ತಿದ್ದರಂತೆ. ಮನೆಯಲ್ಲಿ ಗಿರಿಯಾಮ ಮಾತು, ಸಂತೆಯಲ್ಲಿ ಸ್ವಾಹಿಲಿ, ಪರೀಕ್ಷೆಯಲ್ಲಿ ಇಂಗ್ಲಿಷು. ಈ ಮೂರರ ನಡುವೆ ಮಕ್ಕಳನ್ನು ದಾಟಿಸುವ ಉಪಾಧ್ಯಾಯಿನಿಯು, ಅತಿಥಿಗಳು ಬಂದರೆಂದು, ಗಣಿತದ ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ನಗುಮೊಗದಿಂದ ಹಲಗೆಯನ್ನು ಒರೆಸಿ ಬದಿಗೆ ಸರಿದು ನಿಂತಳು. ಅತಿಥಿಗಳು ಅಭಿನಯದೊಡನೆ ಗೀತೆಗಳನ್ನು ಹಾಡಿಸಿದರು, ಬಲೂನು ಊದಿದರು, ಗೋಡೆಗೆ ನೀಲಿ ಬಣ್ಣ ಬಳಿದರು. ಪತ್ರದ ಈ ಭಾಗವನ್ನು ಓದುವಾಗ ನನಗೆ ಆ ಉಪಾಧ್ಯಾಯಿನಿಯದೇ ಚಿಂತೆ: ನಿಂತುಹೋದ ಆ ಪಾಠಗಳನ್ನೆಲ್ಲ ಅವಳು ಯಾವಾಗ ಮುಗಿಸಿದಳೋ!

ಆದರೆ ಪತ್ರದ ನಡುವೆ ನನ್ನ ಮನಸ್ಸು ಅರಳುವಂತಹ ಒಂದು ಸಂಗತಿಯೂ ಇದ್ದಿತು. ಮಧ್ಯಾಹ್ನದ ಬಿಡುವಿನಲ್ಲಿ ಮಾವಿನ ಮರದಡಿ ಕುಳಿತಿದ್ದ ಹುಡುಗನ ಬಳಿಗೆ ಮೂರನೆಯ ತರಗತಿಯ ಬಾಲಕಿಯೊಬ್ಬಳು ಬಂದು, ಬೇಯಿಸಿದ ಜೋಳ ಮತ್ತು ಕಾಳುಗಳಿದ್ದ ತನ್ನ ತಟ್ಟೆಯನ್ನು ತೋರಿಸಿ ಅದಕ್ಕೆ ತಮ್ಮಲ್ಲಿ ಏನೆನ್ನುವರೆಂದು ಹೇಳಿದಳು; ಆಮೇಲೆ ಮರವನ್ನು, ಎಲೆಯನ್ನು, ಇರುವೆಯನ್ನು, ಅವನ ಮೂಗನ್ನು ಬೆರಳಿನಿಂದ ತೋರಿಸುತ್ತ ಒಂದೊಂದರ ಹೆಸರನ್ನೂ ಹೇಳಿಸಿದಳು. ಇವನು ತಪ್ಪಿದಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟು, ತನ್ನ ಉಪಾಧ್ಯಾಯಿನಿಯ ಗತ್ತಿನಲ್ಲಿಯೇ, ಇನ್ನೊಮ್ಮೆ ಹೇಳೆಂದು ಗದರಿಸಿದಳು. ಬರೆದುಕೊಳ್ಳಲು ಕಾಗದವಿಲ್ಲದೆ ಅವನು ಆ ಮಾತುಗಳನ್ನೆಲ್ಲ ಪೆನ್ನಿನಿಂದ ತನ್ನ ಮುಂಗೈಯ ಮೇಲೆ ಬರೆದುಕೊಂಡನಂತೆ. ಸಾಯಂಕಾಲದ ಹೊತ್ತಿಗೆ ಬೆವರಿನಲ್ಲಿ ಅರ್ಧಕ್ಕರ್ಧ ಅಳಿಸಿಹೋಗಿತ್ತಂತೆ. ಮರುದಿನ ಬೆಳಗ್ಗೆ ಅವಳು ತರಗತಿಯ ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಅವನಿಗೆ ಪರೀಕ್ಷೆಯನ್ನಿಟ್ಟಳು. ಆ ಹದಿನೈದು ದಿನಗಳಲ್ಲಿ ಆ ಶಾಲೆಯಲ್ಲಿ ನಡೆದ ಎಲ್ಲ ಕಲಾಪಗಳಲ್ಲಿ ಕಲಿಸುವಿಕೆಯೆಂದು ಧೈರ್ಯವಾಗಿ ಕರೆಯಬಹುದಾದದ್ದು ಇದೊಂದೇ ಎಂದು ನನ್ನ ದೃಢವಾದ ಅಭಿಪ್ರಾಯ. ಅದರಿಂದ ಆ ಬಾಲಕಿಗೆ ಲಾಭವಾಗಲಿಲ್ಲವೆಂದು ಯಾರೂ ತಿಳಿಯಬಾರದು. ತನ್ನ ಮನೆಯ ಮಾತನ್ನು ಕಲಿಯಲು ಸಮುದ್ರವನ್ನು ದಾಟಿ ಬಂದವನಿದ್ದಾನೆಂದು ಕಂಡ ಮಗುವು ಆ ಮಾತನ್ನು ಇನ್ನು ಮುಂದೆ ಕೀಳೆಂದು ಎಣಿಸಲಾರದು. ಪರೀಕ್ಷೆಯ ಇಂಗ್ಲಿಷಿನ ಮುಂದೆ ದಿನವೂ ತಲೆತಗ್ಗಿಸುವ ಮಕ್ಕಳಿಗೆ ಇಷ್ಟು ದೊರೆತರೂ ಅದು ಸಣ್ಣದಲ್ಲ.

ಹದಿನೈದು ದಿನಗಳಲ್ಲಿ ಇದಕ್ಕಿಂತ ಹೆಚ್ಚು ಸಾಧ್ಯವೆ ಎಂದು ಕೇಳುವವರಿಗೆ, ಸಾಧ್ಯವಿಲ್ಲವೆಂದೇ ನಾನೂ ಹೇಳುತ್ತೇನೆ. ಮೋಗ್ಲಿಂಗನ ಕಾಲದಲ್ಲಿ ಇತ್ತ ಬರುವುದಕ್ಕೇ ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆಯಬೇಕಾಗಿತ್ತು. ಅಷ್ಟು ಕಷ್ಟಪಟ್ಟು ಬಂದವನು ಬೇಗ ಮರಳುವ ಮಾತನ್ನು ಎತ್ತುತ್ತಿರಲಿಲ್ಲ. ವಿಮಾನವು ದಾರಿಯನ್ನು ಕಿರಿದು ಮಾಡಿದ ಕೂಡಲೆ ವಾಸವನ್ನೂ ಕಿರಿದು ಮಾಡಬೇಕೆಂಬ ನಿಯಮವೇನಿದೆ? ಮೊನ್ನೆ ಅಜ್ಜಿಯವರು ಪುನಃ ಬಂದು, ಬರುವ ಬೇಸಗೆಯಲ್ಲಿ ಇಪ್ಪತ್ತು ಜನರ ತಂಡವು ಅದೇ ಶಾಲೆಗೆ ಹೋಗಲಿದೆಯೆಂದೂ ಮೊಮ್ಮಗನು ನನ್ನ ಅಭಿಪ್ರಾಯವನ್ನು ಕೇಳಿದ್ದಾನೆಂದೂ ಹೇಳಿ, “ಏನು ಬರೀಲಿ ಮಾಷ್ಟ್ರೇ?” ಎಂದರು. ಇಪ್ಪತ್ತು ಜನರ ವಿಮಾನದ ವೆಚ್ಚದಲ್ಲಿ ಒಬ್ಬನು ಆ ಊರಿನಲ್ಲಿ ಒಂದೆರಡು ವರ್ಷ ನಿಲ್ಲಬಲ್ಲನು. ಆ ಒಬ್ಬನನ್ನು ಆರಿಸಿ ಕಳುಹಿಸಲಿ, ಉಳಿದ ಹತ್ತೊಂಬತ್ತು ಮಂದಿ ಮನೆಯಲ್ಲಿದ್ದು ಅವನ ಖರ್ಚನ್ನು ಹೊರಲಿ, ಅವನು ಅಲ್ಲಿ ಏನು ಕೆಲಸ ಮಾಡಬೇಕೆಂಬುದನ್ನು ಆ ಶಾಲೆಯ ಉಪಾಧ್ಯಾಯಿನಿಯೇ ನಿರ್ಣಯಿಸಲಿ ಎಂದು ಬರೆಯಿರಿ ಅಂದೆನು.