ಆಷಾಢದಲ್ಲಿ ದೀಪಾವಳಿ

ಹಬ್ಬದ ದಿನ ಕೂತು ಹಬ್ಬದ ಕತೆ ಓದಿದವರನ್ನು ನಾನಂತೂ ಕಂಡಿಲ್ಲ. ದೀಪಾವಳಿ ವಿಶೇಷಾಂಕ ಮನೆಗೆ ಬರುವ ಹೊತ್ತಿಗೆ ಹಂಡೆ ತಿಕ್ಕುವುದಿರುತ್ತದೆ, ಕಜ್ಜಾಯದ ಪಾಕ ಕಾಯುವುದಿರುತ್ತದೆ, ಬಂದ ನೆಂಟರಿಗೆ ಹೊದಿಕೆ ಸಾಲದೆ ಪಕ್ಕದ ಮನೆಗೆ ಓಡುವುದಿರುತ್ತದೆ. ಹೆಚ್ಚೆಂದರೆ ಯಾರಾದರೂ ರಾಶಿಭವಿಷ್ಯದ ಪುಟ ತೆಗೆದು, ತಮ್ಮ ಶನಿ ಎಲ್ಲಿದ್ದಾನೆಂದು ನೋಡಿ ಮಡಚಿಡುತ್ತಾರೆ. ಕತೆಗಳೆಲ್ಲ ಹಾಗೇ ಉಳಿಯುತ್ತವೆ. ನಾನು ಅವುಗಳನ್ನು ಹೊರತೆಗೆಯುವುದು ಆಷಾಢದಲ್ಲಿ, ನಮ್ಮ ಮಲೆನಾಡಿನ ಮಳೆ ಹಿಡಿದು ಕೂತಾಗ. ಒಂದು ಕೈಯಲ್ಲಿ ಹಲಸಿನ ಹಪ್ಪಳ, ಇನ್ನೊಂದರಲ್ಲಿ ಯಾವುದೋ ವರ್ಷದ ವಿಶೇಷಾಂಕ. ಪುಟ ತಿರುವಿದಂತೆ ಎಣ್ಣೆ ಬೆರಳಿನ ಗುರುತು ಬಿದ್ದರೆ ಬೀಳಲಿ.

ಇಂಥ ಕತೆ ಬರೆಯುವುದೂ ಆ ಹೊತ್ತಿನಲ್ಲೇ. ವಿಶೇಷಾಂಕವೆಂದರೆ ದಪ್ಪ ಪುಸ್ತಕ. ಕತೆ ತರಿಸಿ, ಆರಿಸಿ, ಚಿತ್ರ ಬರೆಸಿ, ಪುಟ ಕಟ್ಟಿ, ಅಚ್ಚು ಹಾಕಿ ಊರೂರಿಗೆ ಕಳಿಸಬೇಕೆಂದರೆ ಸಂಪಾದಕರು ತಿಂಗಳುಗಟ್ಟಲೆ ಮುಂಚೆ ಎದ್ದು ಕೂರಲೇಬೇಕು. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಗೆ ಕತೆ ತಿದ್ದುವವರ ಕಿಟಕಿಯಾಚೆ ಹಣತೆಯಿಲ್ಲ, ಸೋನೆಯಿದೆ. ‘ಸುಧಾ’ದ ಯುಗಾದಿ ವಿಶೇಷಾಂಕಕ್ಕೆ ಬರೆಯುವವರು ಧನುರ್ಮಾಸದ ಚಳಿಗೆ ಶಾಲು ಹೊದ್ದು ಮಾವಿನ ಚಿಗುರನ್ನು ವರ್ಣಿಸುತ್ತಾರೆ.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಹಿಮ ಸುರಿಯಲಿ, ನಾವಿಬ್ಬರೂ ಒಲೆಯ ಮುಂದೆ ಬೆಚ್ಚಗಿರೋಣ ಎನ್ನುವ ‘ಲೆಟ್ ಇಟ್ ಸ್ನೋ’ ಎಂಬ ಪ್ರೇಮಗೀತೆಯನ್ನು ಅಮೆರಿಕದವರು ಪ್ರತಿ ಕ್ರಿಸ್‌ಮಸ್‌ಗೂ ಹಾಡುತ್ತಾರೆ. ಸ್ಯಾಮಿ ಕಾನ್ ಮತ್ತು ಜೂಲ್ ಸ್ಟೈನ್ ಅದನ್ನು ಕಟ್ಟಿದ್ದು 1945ರ ಜುಲೈನಲ್ಲಿ, ಹಾಲಿವುಡ್ಡಿನ ಸುಡುಬಿಸಿಲಿನಲ್ಲಿ. ಮರುವರ್ಷ ಫ್ರಾಂಕ್ ಕಾಪ್ರಾ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದ ಹಿಮಪಾತವನ್ನು ಬೇಸಿಗೆಯಲ್ಲೇ ತೆಗೆದ. ಬೆಂಕಿ ಆರಿಸುವ ನೊರೆಗೆ ಸಾಬೂನು ಬೆರೆಸಿದ ಹಿಮ ಅದು. ಇಲ್ಲದ ಹಬ್ಬವನ್ನು ಬಯಸಿ ಬಯಸಿ ಬರೆದಾಗಲೇ ಅದಕ್ಕೆ ಬಣ್ಣ ಬರುತ್ತದೆಂದು ನನ್ನ ನಂಬಿಕೆ. ಕಣ್ಣೆದುರೇ ಇರುವ ಹಬ್ಬದ ಬಗ್ಗೆ ಬರೆದರೆ ಖರ್ಚಿನ ಪಟ್ಟಿಯಾಗುತ್ತದೆ.

ಆದರೆ ಆಷಾಢಕ್ಕೆ ಇನ್ನೂ ಒಂದು ಹೆಚ್ಚುಗಾರಿಕೆಯಿದೆ. ಹೊಸ ಸೊಸೆ ತವರಿಗೆ ಹೋಗುವ ತಿಂಗಳು ಇದು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರದು. ಈಗ ಬಸಿರಾದರೆ ಹೆರಿಗೆ ಬಿರುಬೇಸಿಗೆಗೆ ಬೀಳುತ್ತದೆ ಎಂದು ಹಿರಿಯರು ಕಾರಣ ಹೇಳುತ್ತಾರೆ. (ಮೊದಲ ವರ್ಷದ ಕಟ್ಟು ಅದು. ನಾನೂ ನಮ್ಮತ್ತೆಯೂ ಈಗ ಒಂದೇ ಜಗಲಿಯಲ್ಲಿ ಕೂತು ಹಲಸಿನ ಬೀಜ ಬಿಡಿಸುತ್ತೇವೆ.) ಹೀಗೆ ದೂರವಾದ ಜೋಡಿಯಲ್ಲಿ ಅಳಿಯ ಮಾವನ ಮನೆಗೆ ಹಕ್ಕಿನಿಂದ ಬಂದಿಳಿಯುವುದು ಮೊದಲ ದೀಪಾವಳಿಗೆ. ಅಗಲಿಕೆಯ ತಿಂಗಳಲ್ಲಿ ಕೂತು ಆ ಬರುವಿಕೆಯನ್ನು ಬರೆಯುವುದಕ್ಕೆ ಬೇರೆ ಸ್ಫೂರ್ತಿ ಬೇಕೇ?

ಇಂಗ್ಲಿಷ್ ಕ್ರಿಸ್‌ಮಸ್ ಕತೆಗಳಲ್ಲಿ ಪಟ್ಟಣದ ಹುಡುಗಿ ಹಬ್ಬಕ್ಕೆ ಊರಿಗೆ ಬಂದು, ಅಲ್ಲೊಬ್ಬ ಅಪರಿಚಿತನನ್ನು ಕಂಡು ಒಲಿಯುತ್ತಾಳೆ. ನಮ್ಮ ಕತೆಯಲ್ಲಿ ಮದುವೆ ಮೊದಲು, ಪ್ರೀತಿ ಆಮೇಲೆ. ಕೆ.ಎಸ್. ನರಸಿಂಹಸ್ವಾಮಿಯವರು 1942ರ ‘ಮೈಸೂರು ಮಲ್ಲಿಗೆ’ಯಲ್ಲಿ ರಾಯರನ್ನು ಮಾವನ ಮನೆಗೆ ಕರೆತಂದರಲ್ಲ, ಆ ಬಾಗಿಲನ್ನು ಹಬ್ಬದ ಕತೆಗಾರರು ಮತ್ತೆ ಮುಚ್ಚಲೇ ಇಲ್ಲ. ಇಲ್ಲಿ ಖಳನಾಯಕ ಬೇಕಿಲ್ಲ. ಮನೆ ತುಂಬ ಜನ ಇದ್ದರೆ ಸಾಕು. ಅವಳು ಕೋಣೆಗೆ ಕಾಲಿಟ್ಟರೆ ಅಣ್ಣನ ಮಕ್ಕಳು ಪಟಾಕಿ ಕೇಳಿಕೊಂಡು ಹಿಂದೆಯೇ ಬರುತ್ತವೆ.

ನನಗೆ ತೀರಾ ಇಷ್ಟ ಬಚ್ಚಲುಮನೆಯ ಸನ್ನಿವೇಶ. ನರಕ ಚತುರ್ದಶಿಯ ಬೆಳಗಿನ ಜಾವ. ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕಂಠಕ್ಕೆ ಸುತ್ತಿದ ಬಳ್ಳಿ, ಒದ್ದೆ ಸೌದೆಯ ಹೊಗೆ. ಹೊಸ ಅಳಿಯ ಪಂಚೆಯುಟ್ಟು ಮಣೆಯ ಮೇಲೆ ಕೂತಿದ್ದಾನೆ. ಹಿರಿಯರೆಲ್ಲ ಗರಿಕೆಯಲ್ಲಿ ಎಣ್ಣೆಯದ್ದಿ ಶಾಸ್ತ್ರ ಮುಗಿಸಿದ್ದಾರೆ. ಎಣ್ಣೆ ಹಣೆಯಿಂದ ಹುಬ್ಬಿಗಿಳಿದಿದೆ, ಸೀಗೆಪುಡಿ ಕಣ್ಣಿಗೆ ಬಿದ್ದಿದೆ. ಬ್ಯಾಂಕಿನ ಆಫೀಸರ್ ಎಂಬ ಗತ್ತು ನೀರಲ್ಲಿ ಹರಿದುಹೋಗಿದೆ. ಬಾಗಿಲಾಚೆ ಟವೆಲ್ ಹಿಡಿದು ನಿಂತವಳು ಕೇಳುತ್ತಾಳೆ: “ನೀರು ಸಾಕಾ?” ಕಣ್ಣು ಬಿಡಲಾರದೆ ಅವನು, “ಇನ್ನೊಂದು ತಂಬಿಗೆ” ಎನ್ನುತ್ತಾನೆ. ಅಷ್ಟೇ. ಈ ಎರಡು ಮಾತಿನ ಮುಂದೆ ಪುಟಗಟ್ಟಲೆ ಪ್ರೇಮಪತ್ರ ನನಗೆ ಸಪ್ಪೆ. ಚಿತ್ರಕಾರರು ಮಾತ್ರ ಈ ಸನ್ನಿವೇಶವನ್ನು ಬರೆಯುವುದಿಲ್ಲ. ಕತೆಯಲ್ಲಿ ನಾಯಕಿಗೆ ಬಾಬ್‌ಕಟ್ ಇದ್ದರೂ ಅವರ ಕುಂಚದಲ್ಲಿ ಮೊಳಕಾಲುದ್ದದ ಜಡೆ, ಅಂಗೈಯಲ್ಲಿ ಹಣತೆ.

ಅಕಾಲದಲ್ಲಿ ಬರೆಯುವವರು ಎಡವುವ ಜಾಗವೂ ಒಂದಿದೆ, ಚಂದ್ರ. ಹೋದ ಮಳೆಗಾಲದಲ್ಲಿ ಅತ್ತೆಗೆ ಹಳೆಯ ಕತೆಯೊಂದನ್ನು ಓದಿ ಹೇಳುತ್ತಿದ್ದೆ. ಲಕ್ಷ್ಮೀಪೂಜೆ ಮುಗಿದ ರಾತ್ರಿ, ಮಹಡಿಯ ಮೇಲೆ, ಬೆಳದಿಂಗಳಲ್ಲಿ ನಾಯಕ ಅವಳ ಮುಖ ನೋಡಿದ ಎಂದು ಬಂತು. ಅತ್ತೆ ಬೀಜ ಬಿಡಿಸುವುದನ್ನು ನಿಲ್ಲಿಸಿದರು.

“ಅಮಾಸೆ ದಿನ ಬೆಳದಿಂಗಳು ಎಲ್ಲಿಂದ ಬಂತೇ?”

“ಕತೆ ಅಲ್ವಾ ಅತ್ತೆ.”

“ಕತೆ ಆದ್ರೆ ಎಂತ? ಅಮಾಸೆ ಅಮಾಸೆಯೇ.”

ಮುಂದಿನ ಪುಟಗಳನ್ನು ಅವರು ನಂಬಲೇ ಇಲ್ಲ. ಅವರ ಮಾತು ಸರಿ. ಚತುರ್ದಶಿಯ ನಸುಕಿನಲ್ಲಿ ಮೂಡಣದಲ್ಲೊಂದು ಎಳೆ ಚಂದ್ರ ಕಂಡರೆ ಕಂಡೀತು, ಬಿದಿಗೆಯ ಸಂಜೆ ಪಡುವಣದಲ್ಲಿ ತುಸು ಹೊತ್ತು ತೋರೀತು. ನಡುವಿನ ರಾತ್ರಿಗಳೆಲ್ಲ ಕಗ್ಗತ್ತಲು. ದೀಪಾವಳಿಯ ಪ್ರೇಮಿಗಳು ಪರಸ್ಪರರನ್ನು ಹಣತೆಯ ಬೆಳಕಿನಲ್ಲೇ, ಗಾಳಿಗೆ ಅದು ಆರುವುದರೊಳಗೆ ನೋಡಿಕೊಳ್ಳಬೇಕು. ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಕತೆಗಾರ ಮಾಡಿಯಾನು? ಪಂಚಾಂಗವೇ ಪುಕ್ಕಟೆ ಕೊಟ್ಟಿರುವಾಗ ಬೆಳದಿಂಗಳನ್ನು ಕಡ ತರುವುದೇಕೆ?

ಆದ್ದರಿಂದ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಮಳೆಗಾಲದಲ್ಲಿ ದೀಪಾವಳಿ ಬರೆಯಲು ಕೂತಾಗ ಒಂದು ಪಂಚಾಂಗ ಪಕ್ಕದಲ್ಲಿರಲಿ. ಓದುವವರು ಹಬ್ಬ ಮುಗಿದ ಕೂಡಲೇ ವಿಶೇಷಾಂಕವನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿ, ಇನ್ನೊಂದು ಎಂಟು ತಿಂಗಳು ಇಟ್ಟುಕೊಳ್ಳಿ. ಮನೆಯಲ್ಲಿ ಜಾಗವಿಲ್ಲವೆಂದರೆ ನಿಮ್ಮೂರಿನ ಗ್ರಂಥಾಲಯಕ್ಕೆ ಕೊಡಿ, ನನ್ನಂಥವರು ಜುಲೈನಲ್ಲಿ ಬಂದು ಕೇಳುತ್ತೇವೆ.