ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ

ಪೆರು, ಚಿಲಿ ತಿರುಗಾಡಿ ಬಂದು ತಿಂಗಳಾತು. ಮನೀಗೆ ಬಂದವರೆಲ್ಲಾ ಕೇಳೂದು ಒಂದ: "ಮಾಚು ಪಿಚು ಹೆಂಗಿತ್ತವಾ?" ಛಂದ ಇತ್ತು. ಫೋಟೋ ಎಲ್ಲಾ ಮನಿ ಗ್ರೂಪಿನ್ಯಾಗ ಹಾಕೇನಿ, ನೋಡ್ಕೋರಿ. ಫೋಟೋದಾಗ ಕಾಣಲಾರದ್ದು ಭಾಳ ಅದ. ನಮ್ಮ ಪೈಕಿ ಈಗ ಒಬ್ಬರಾದ ಮ್ಯಾಲೆ ಒಬ್ಬರು ದೂರದ ಪ್ರವಾಸಕ್ಕ ಹೊಂಟೀರಿ, ಅದಕ್ಕ ಅದನ್ನ ಇಲ್ಲೆ ಬರದು ಇಡ್ತೀನಿ.

ಹೋದವರು ನಾಲ್ಕು ಮಂದಿ. ನಾನು, ನಮ್ಮ ಮನಿಯವರು, ನಮ್ಮಣ್ಣ, ವೈನಿ. ಇಪ್ಪತ್ತು ದಿವಸದ ಪ್ರವಾಸ. ಪೆರುವಿನ ರಾಜಧಾನಿ ಲಿಮಾ, ಅಲ್ಲಿಂದ ಕುಸ್ಕೋ, ಮಾಚು ಪಿಚು, ಆಮ್ಯಾಲೆ ಟಿಟಿಕಾಕಾ ಸರೋವರದ ದಂಡಿ ಮ್ಯಾಲಿನ ಪುನೋ, ಗಡಿ ದಾಟಿ ಬೊಲಿವಿಯಾದ ಲಾ ಪಾಸ್, ಊಯುನಿ ಉಪ್ಪಿನ ಬಯಲು, ಕಡೀಕ ಚಿಲಿ ದೇಶದ ಸಾಂಟಿಯಾಗೋ. ಮಗಳು ಎಲ್ಲಾ ಬುಕ್ ಮಾಡಿ, ತಾರೀಖು ತಾಸು ಸಮೇತ ಒಂದು ಪಟ್ಟಿ ಮಾಡಿಕೊಟ್ಟಿದ್ದಳು. ಇಷ್ಟು ಊರಿನ ಪ್ರವಾಸ ಅಂದ್ರ ಮಾಲಿ ಕಟ್ಟಿಧಂಗ. ನಡುವ ಒಂದು ಗಂಟು ಸಡಲ ಆದ್ರ ಹಿಂದಿನ ಹೂವೆಲ್ಲಾ ಜಾರ್ತಾವ.

ಮೊದಲನೇ ಗಂಟು ಲಿಮಾದಾಗ ಸಡಲಾತು. ಮೂರು ವಿಮಾನ ಬದಲಿಸಿ ಇಳದ್ವಿ, ನಾವು ಬಂದ್ವಿ, ದೊಡ್ಡ ಬ್ಯಾಗ್ ಬರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಧನಿಯಾ, ಮೆಂತ್ಯೆ, ಎಲ್ಲಾ ಅದರಾಗ. ಬಿಪಿ, ಶುಗರಿನ ಗುಳಿಗಿ ಮಾತ್ರ ನನ್ನ ಕೈಚೀಲದಾಗ ಇದ್ದೂ, ಪುಣ್ಯಾ. ವಿಮಾನ ನಿಲ್ದಾಣ ಬಿಡೂಕಿಂತ ಮೊದಲ ಅಲ್ಲೇ ಕೌಂಟರಿನ್ಯಾಗ ಬರಿಸಿ ನಂಬರ್ ತಗೊಂಡ್ವಿ. ಇಲ್ಲೆ ಒಂದು ಮಾತು ನೆನಪಿಟ್ಟುಕೋರಿ. ಬ್ಯಾಗ್ ಎಲ್ಲಿಗೆ ಕಳಿಸಬೇಕು ಅಂತ ಕೇಳಿದಾಗ ಇವತ್ತು ನೀವು ಇರೂ ಹೋಟೆಲಿನ ವಿಳಾಸ ಕೊಡಬ್ಯಾಡ್ರಿ. ಮೂರು ದಿವಸದ ನಂತರ ಎಲ್ಲಿರ್ತೀರಿ, ಆ ವಿಳಾಸ ಕೊಡ್ರಿ. ಇಲ್ಲಂದ್ರ ನೀವು ಮುಂದ ಮುಂದ, ಬ್ಯಾಗ್ ಹಿಂದ ಹಿಂದ, ಪ್ರವಾಸ ಮುಗಿಯೂತನಕ ಇಬ್ಬರೂ ಭೆಟ್ಟಿ ಆಗೂದಿಲ್ಲ.

ಊಟದ್ದು ಭಾಳ ತ್ರಾಸ ಆಗಲಿಲ್ಲ. ಲಿಮಾದಾಗ ಚೀನೀ ಊಟದ ಅಂಗಡಿಗೆ 'ಚಿಫಾ' ಅಂತಾರ, ಓಣಿಗೊಂದು ಅವ. ಅನ್ನ ಹುರಕೊಡ್ತಾರ. 'ಸಿನ್ ಕಾರ್ನೆ' ಅಂದ್ರ ಮಾಂಸ ಬ್ಯಾಡ ಅಂತ. ಅಷ್ಟ ಅಂದ್ರ ಕೋಳಿ ಹಾಕಿಬಿಡಬಹುದು, 'ಸಿನ್ ಪೊಯೊ' ಅಂತನೂ ಸೇರಿಸಿ ಹೇಳಬೇಕು.

ಖರೇ ಪರೀಕ್ಷಾ ಕುಸ್ಕೋದಾಗ. ಲಿಮಾ ಸಮುದ್ರದ ದಂಡಿ ಊರು. ಅಲ್ಲಿಂದ ವಿಮಾನದಾಗ ಒಂದೂಕಾಲು ತಾಸು, ಇಳಿದ ಕೂಡಲೇ ನೀವು 3,400 ಮೀಟರ್ ಮ್ಯಾಲೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದ್ಮ್ಯಾಲೆ ಲೆಕ್ಕ ಹಾಕ್ರಿ. ಅಲ್ಲೆ ಒಂದು ಉಸಿರಿಗೆ ಸಿಗೂ ಆಮ್ಲಜನಕ ಸಮುದ್ರದ ದಂಡಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮಿ. ಈ ಎತ್ತರದ ಬ್ಯಾನಿಗೆ ಅಲ್ಲಿಯವರು 'ಸೊರೊಚೆ' ಅಂತಾರ. ಹೋಟೆಲಿಗೆ ಹೋದ ಕೂಡಲೇ ಕೋಕಾ ಎಲಿ ಹಾಕಿದ ಚಹಾ ಕೊಡ್ತಾರ. ಅಲ್ಲೆ ಕುಡೀರಿ, ಆದ್ರ ಒಂದು ಪಾಕೀಟು ಸುದ್ಧಾ ಊರಿಗೆ ತರಬ್ಯಾಡ್ರಿ, ನಮ್ಮಲ್ಲೆ ಅದು ಕಾನೂನಿನ ಪ್ರಕಾರ ಅಪರಾಧ.

ಅವತ್ತು ಸಂಜೀಕ ನಮಗೆಲ್ಲಾ ಸಣ್ಣಂಗ ತಲಿನೋವು. ವೈನಿ ಮಾತ್ರ "ನನಗೇನಾಗೇದ, ಆರಾಮ ಇದ್ದೀನಿ" ಅಂದ್ರು. ಊಟಕ್ಕ ಕೂತಾಗ ತಾಟಿನ್ಯಾಗಿನ್ನ ಅನ್ನ ಆಚೆಕಡೆ ಈಚೆಕಡೆ ಸರಸಿದ್ರು, ತಿನ್ನಲಿಲ್ಲ. "ದಣಿವು" ಅಂದ್ರು. ನಡುರಾತ್ರಿ ಅವರ ಖೋಲ್ಯಾಗ ನಳ ಬಿಟ್ಟ ಸಪ್ಪಳ ಕೇಳಸ್ತು. ಒಂದು ಸಲ, ಎರಡು ಸಲ, ಮೂರು ಸಲ. ಎದ್ದು ಹೋಗಿ ಬಾಗಲಾ ಬಡದೆ. ವಾಂತಿ ಸಪ್ಪಳ ಯಾರಿಗೂ ಕೇಳಬಾರದು ಅಂತ ವೈನಿ ನಳ ಬಿಟ್ಟಿದ್ರು. ಅಣ್ಣ ಗಾಢ ನಿದ್ದ್ಯಾಗ. "ಅವರನ್ನ ಎಬ್ಬಸಬ್ಯಾಡ. ಮುಂಜಾನೆ ನೀವು ಮೂರೂ ಮಂದಿ ತಿರುಗಾಡಲಿಕ್ಕೆ ಹೋಗ್ರಿ, ನಾ ಇಲ್ಲೇ ಮಲಕೊಂಡಿರ್ತೀನಿ" ಅಂದ್ರು.

ನಮ್ಮ ಮನ್ಯಾಗ ಈ ಮಾತು ಕೇಳದ ಇದ್ದವರು ಯಾರಿದ್ದೀರಿ? ನಾವೆಲ್ಲಾ ಅಂದೇವಿ. ಜಾತ್ರಿಗೆ, ಸಿನಿಮಾಕ್ಕ, ಲಗ್ನಕ್ಕ. ಒಳ್ಳೆ ಹೆಣ್ಣಮಗಳ ಲಕ್ಷಣ ಅಂತ ಹೊಗಳಿಸಿಕೊಂಡೇವಿ. ಆದ್ರ ಅಷ್ಟು ಎತ್ತರದಾಗ ಈ ಮಾತು ಜೀವಕ್ಕ ಕುತ್ತು.

ಹೋಟೆಲಿನ ಹುಡುಗಿ ಬೆರಳಿಗೆ ಹಾಕೂ ಆಕ್ಸಿಮೀಟರ್ ತಂದ್ಲು, ಕೊರೊನಾ ಕಾಲದಾಗ ಎಲ್ಲರ ಮನ್ಯಾಗೂ ಇತ್ತಲ್ಲಾ, ಅದ. ನಮ್ಮದು 88, 89 ತೋರಸ್ತು. ಅಷ್ಟು ಎತ್ತರಕ್ಕ ಅದು ಸರಿ ಅಂತ. ವೈನೀದು 78. ಡಾಕ್ಟರ್ ಹೋಟೆಲಿಗೇ ಬಂದ್ರು. ಆಕ್ಸಿಜನ್ ಹಚ್ಚಿದ್ರು. ಆಮ್ಯಾಲೆ ನಮ್ಮನ್ನೆಲ್ಲಾ ಕೂಡಿಸಿ ಮೂರು ಮಾತು ಹೇಳಿದ್ರು. ತಲಿನೋವು, ಓಕರಿಕಿ ಇದ್ದಾಗ ಇನ್ನೂ ಮ್ಯಾಲೆ ಹೋಗಬಾರದು. ಕಡಿಮಿ ಆಗಲಿಲ್ಲಂದ್ರ ಕೆಳಗ ಇಳೀಬೇಕು, ಅದಕ್ಕಿಂತ ದೊಡ್ಡ ಔಷಧ ಇಲ್ಲ. ಮೂರನೇದು, ಆರಾಮ ಇಲ್ಲದವರನ್ನ ಒಬ್ಬರನ್ನ ಬಿಟ್ಟು ಎಲ್ಲೂ ಹೋಗಬಾರದು. ನಡಿಗಿ ತಪ್ಪಿ ಜೋಲಿ ಹೊಡೀಲಿಕ್ಕತ್ರ, ಸುಮ್ಮನ ಕೂತಾಗೂ ಉಸಿರು ಹತ್ತಿದ್ರ, ಮಾತು ತೊದಲಿದ್ರ ಒಂದು ತಾಸೂ ತಡ ಮಾಡಬಾರದು, ಮಿದುಳಿನ್ಯಾಗ ಇಲ್ಲಾ ಪುಪ್ಪುಸದಾಗ ನೀರು ತುಂಬತದ ಅಂತ. ವೈನಿಗೆ ಅಷ್ಟರ ಮಟ್ಟಿಗೆ ಆಗಿರಲಿಲ್ಲ. ಆದ್ರ ಒಬ್ಬರ ಮಲಕೊಂಡು, "ಆರಾಮ ಇದ್ದೀನಿ" ಅಂತ ಇನ್ನೊಂದು ರಾತ್ರಿ ಕಳದಿದ್ರ? ಆ ಡಾಕ್ಟರ್ ಹೇಳಿದ ಮೂರನೇ ಮಾತು ನನ್ನ ಮನಸಿನ್ಯಾಗ ಕೂತಬಿಟ್ಟತು.

ಅವತ್ತೇ ಕುಸ್ಕೋ ಬಿಟ್ವಿ. ಹತ್ತರ ಉರುಬಾಂಬಾ ನದಿ ಕಣಿವಿ ಅದ, 'ಪವಿತ್ರ ಕಣಿವಿ' ಅಂತ ಕರೀತಾರ, ಅದು ಕುಸ್ಕೋಕ್ಕಿಂತ ಸುಮಾರು ಐನೂರು ಮೀಟರ್ ಕೆಳಗ. ಮಾಚು ಪಿಚು ಅಂತೂ ಇನ್ನೂ ಕೆಳಗ, 2,430 ಮೀಟರ್. ಎಲ್ಲರೂ ಅದು ಭಾಳ ಎತ್ತರ ಅಂತ ಅಂಜತಾರ, ಖರೇ ಅಂದ್ರ ಅಂಜಬೇಕಾದ್ದು ಕುಸ್ಕೋಕ್ಕ. ತಿಳಿದವರು ವಿಮಾನ ಇಳಿದವರ ಕಣಿವಿಗೆ ಹೋಗಿ, ಎರಡು ದಿವಸ ಇದ್ದು, ಮಾಚು ಪಿಚು ಮುಗಿಸಿ, ಕಡೀಕ ಕುಸ್ಕೋಕ್ಕ ಬರ್ತಾರಂತ. ನೀವೂ ಹೊಂಟ್ರ ಹಂಗ ಮಾಡ್ರಿ. ಹೊಂಡೂಕಿಂತ ಮೊದಲ ನಿಮ್ಮ ಡಾಕ್ಟರನ್ನೂ ಕೇಳ್ರಿ, ಈ ಬ್ಯಾನಿ ಬರದಂಗ ತಡಿಯೂ ಗುಳಿಗಿ ಅವ, ಆದ್ರ ಎಲ್ಲರಿಗೂ ಆಗಿಬರೂದಿಲ್ಲ.

ಕಣಿವ್ಯಾಗ ಎರಡನೇ ದಿವಸ ವೈನಿ ತಾವ ಕೇಳಿದ್ರು, "ಒಂದು ಬಟಾಟಿ ಕುದಿಸಿ ಉಪ್ಪು ಹಾಕಿ ಕೊಡ್ತಾರೇನ ಕೇಳು." ಬಟಾಟಿ ಹುಟ್ಟಿದ ಸೀಮಿನೇ ಅದು! ಹಳದಿ, ಕೆಂಪು, ಜಾಂಬಳಿ, ಗಿಣ್ಣ ಗಿಣ್ಣ ಇದ್ದದ್ದು, ಬೆರಳಿನಂಥದ್ದು, ಒಂದು ತಾಟಿನ್ಯಾಗ ಐದು ನಮೂನಿ ತಂದಿಟ್ರು. ಸಂತ್ಯಾಗ ಒಬ್ಬಾಕಿ ಒಣಗಿದ ಬಟಾಟಿ ಮಾರಲಿಕ್ಕತ್ತಿದ್ಲು, ಕಲ್ಲಿನಂಗ ಹಗುರ. 'ಚುನ್ಯೋ' ಅಂತಾರ. ಚಳಿಗಾಲದಾಗ ರಾತ್ರಿ ಬಯಲಿಗೆ ಹರವಿ ಹಿಮಕ್ಕ ಗಡ್ಡಿ ಕಟ್ಟಸ್ತಾರ, ಹಗಲಿ ಕಾಲಿಲೆ ತುಳದು ನೀರು ತಗೀತಾರ, ಬಿಸಲಿಗೆ ಒಣಗಸ್ತಾರ. ವರ್ಷಗಟ್ಟಲೆ ಕೆಡೂದಿಲ್ಲ. ವೈನಿ ಒಂದು ಕೈಯಾಗ ಹಿಡದು ನೋಡಿ, "ನಮ್ಮ ಸಂಡಿಗಿ ಬ್ಯಾಸಗಿ ಕೂಸು, ಇದು ಚಳಿಗಾಲದ ಕೂಸು" ಅಂದು ನಕ್ಕರು. ಆ ನಗಿ ನೋಡಿ ನನಗ ಜೀವ ಬಂಧಂಗ ಆತು. ಅವತ್ತೇ ಸಂಜೀಕ ಬ್ಯಾಗೂ ಬಂತು. ರೊಟ್ಟಿ ಎಲ್ಲಾ ಪುಡಿ ಪುಡಿ. ಮೊಸರಿನ್ಯಾಗ ಕಲಸಿ, ಶೇಂಗಾ ಚಟ್ನಿ ಹಾಕ್ಕೊಂಡು ಉಂಡ್ವಿ. ಶೇಂಗಾದ ತವರುಮನೀನೂ ಆ ಖಂಡಾನ, ಅದು ಧಾರವಾಡ ಸುತ್ತಿ ತವರಿಗೆ ಬಂಧಂಗ ಆತು.

ಮೂರನೇ ದಿವಸ ಡಾಕ್ಟರ್ ನೋಡಿ, ಹೋಗ್ರಿ ಅಂದ ಮ್ಯಾಲೆ ನಾಲ್ಕೂ ಮಂದಿ ಮಾಚು ಪಿಚು ನೋಡಿದ್ವಿ. ಅದರ ಟಿಕೀಟು ಹೆಸರು, ತಾರೀಖು, ತಾಸು ಹಾಕಿ ಕೊಡ್ತಾರ. ಕುಸ್ಕೋದಾಗ ಇನ್ನೊಂದು ದಿವಸ ಹಟಾ ಹಿಡದು ಇದ್ದಿದ್ರ ಅದೂ ಕೈ ಬಿಡ್ತಿತ್ತು.

ಇನ್ನ ಉಳದಿದ್ದು ಬೊಲಿವಿಯಾ. ಪುನೋ 3,800 ಮೀಟರ್, ಲಾ ಪಾಸ್ 3,600, ಊಯುನಿ ಸುಮಾರು ಅಷ್ಟ. ವೈನಿಗೆ ಆಗೂಹಂಗಿಲ್ಲ. ಊಯುನಿ ಅಂದ್ರ ನಮ್ಮಣ್ಣನ ಕನಸು. ಹತ್ತು ಸಾವಿರ ಚದರ ಕಿಲೋಮೀಟರ್ ಬರೇ ಉಪ್ಪು, ನಮ್ಮ ಧಾರವಾಡ ಜಿಲ್ಲಾದಂಥವು ಎರಡು ಹಿಡಸ್ತಾವ. ಎಷ್ಟೋ ವರ್ಷದಿಂದ ಅಂವನ ಕಂಪ್ಯೂಟರ್ ಮ್ಯಾಲೆ ಅದರ ಫೋಟೋನ ಅದ. ನಮ್ಮ ಮನಿಯವರು ಒಂದು ದಾರಿ ಹೇಳಿದ್ರು: ಗಂಡಸರಿಬ್ಬರೂ ಹೋಗಿ ಬರೂದು, ನಾವಿಬ್ಬರೂ ಲಿಮಾದಾಗ ಇರೂದು. ವೈನಿ ತಡಾ ಮಾಡಲಿಲ್ಲ. "ನಿಮ್ಮ ಜೋಡಿ ಇಕಿನ್ನೂ ಕರಕೊಂಡು ಹೋಗ್ರಿ. ನಾ ಒಬ್ಬಾಕೀನ ಇರ್ತೀನಿ" ಅಂದ್ರು.

ನಾ ಕೇಳಿದೆ, "ವೈನಿ, ನಿಮಗ ಇರಬೇಕು ಅನಸ್ತದೋ, ನಮಗ ಭಾರ ಆಗಬಾರದು ಅಂತ ಅಂತೀರೋ?" ಭಾಳ ಹೊತ್ತು ಸುಮ್ಮನಿದ್ರು. ಆಮ್ಯಾಲೆ ಕಣ್ಣೀರು ತಂದು, "ಲಗ್ನಾಗಿ ಮೂವತ್ತೆಂಟು ವರ್ಷಾತು. ನಿನ್ನ ಮದಿವ್ಯಾಗ ಅಕ್ಷತಿ ಬೀಳೂ ಹೊತ್ತಿನ್ಯಾಗ ನಾ ಬುಂದಿ ಒಲಿ ಮುಂದ ಇದ್ದೆ. ಅತ್ತ್ಯಾರು ಮಲಗಿದಾಗ ಎಲ್ಲಾರೂ ಕಾಶಿಗೆ ಹೋದ್ರು, ನಾ ಉಳದೆ. ಈ ಸಲ ಉಳೀಬೇಕು ಅಂತ ಬಂದಿಲ್ಲ" ಅಂದ್ರು.

ಅಣ್ಣಗ ಇದು ಹೊಸಾ ಮಾತು. ಎದ್ದು ಹೊರಗ ಹೋಗಿ ನದಿ ದಂಡಿಗೆ ನಿಂತ. ಒಳಗ ಬಂದಾಂವ, "ಉಪ್ಪು ಮನ್ಯಾಗೂ ಸಿಗ್ತದ. ಎಲ್ಲಾರೂ ಹೋಗೂಹಂಗ ಊರು ಹುಡಕ್ರಿ" ಅಂದ. ನಗಿಚಾಟಿಕಿ ಮಾಡಿದ ಖರೇ, ಆದ್ರ ಒಂದು ದಿವಸ ಪೂರಾ ಯಾರ ಜೋಡಿನೂ ಸರಿಯಾಗಿ ಮಾತಾಡಲಿಲ್ಲ. ಅದೂ ಸಹಜನ. ಆಸೆ ಬಿಟ್ಟುಕೊಡೂದು ಗಂಡಸರಿಗೂ ನೋವ.

ಮಗಳಿಗೆ ಫೋನ್ ಹಚ್ಚಿದ್ವಿ. ಪೆರುಕ್ಕೂ ನಮಗೂ ಹತ್ತೂವರಿ ತಾಸಿನ ಅಂತರ, ಅಲ್ಲೆ ರಾತ್ರಿ ಒಂಬತ್ತು ಅಂದ್ರ ಇಲ್ಲೆ ಮರುದಿನ ಮುಂಜಾನೆ ಏಳೂವರಿ. ಆಕಿ ಮೊದಲ ಹೇಳಿದ್ದು, "ಮುಂದಿನ ವಿಮಾನ ಸುಮ್ಮನ ಬಿಡಬ್ಯಾಡ್ರಿ." ಒಂದೇ ಟಿಕೀಟಿನ್ಯಾಗ ನಾಲ್ಕು ಹಾರಾಟ ಇದ್ದು, ನಡುವಿನ ಒಂದಕ್ಕ ಹೇಳದ ಕೇಳದ ತಪ್ಪಿಸಿದ್ರ, ಮುಂದಿನೂ ಎಲ್ಲಾ ರದ್ದು ಮಾಡಿಬಿಡ್ತಾರ. ಮೊದಲ ಫೋನ್ ಮಾಡಿ ಬದಲಿಸಬೇಕು. ಡಾಕ್ಟರ್ ಬರದ ಚೀಟಿ, ರಶೀದಿ ಎಲ್ಲಾ ಕಾಯ್ದಿಟ್ಟಿದ್ದಕ್ಕ ವಿಮಾದವರಿಂದ ಸ್ವಲ್ಪ ರೊಕ್ಕಾ ಬಂತು. ಎಲ್ಲಾ ಬರಲಿಲ್ಲ.

ಬೊಲಿವಿಯಾದ ಬದಲಿ ಪೆರುವಿನೊಳಗ ಅರೆಕೀಪಾಕ್ಕ ಹೋದ್ವಿ, 2,300 ಮೀಟರ್ ಚಿಲ್ಲರ್. ಜ್ವಾಲಾಮುಖಿಯ ಬಿಳಿ ಕಲ್ಲಿನ್ಯಾಗ ಕಟ್ಟಿದ ಊರು. ಅಲ್ಲೆ 1579ರಾಗ ಕಟ್ಟಿದ ಸಾಂತಾ ಕಾತಲೀನಾ ಅಂತ ಸನ್ಯಾಸಿನಿಯರ ಮಠ ಅದ. ಮಠ ಅಂದ್ರ ಊರೊಳಗಿನ ಊರು. ಓಣಿಗೋಳು, ಒಬ್ಬೊಬ್ಬರಿಗೆ ಸಣ್ಣ ಸಣ್ಣ ಮನಿ, ಮಸಿ ಹಿಡಿದ ಒಲಿ. ಅರಬಿ ಒಗಿಯೂ ಜಾಗಾದಾಗ ದೊಡ್ಡ ದೊಡ್ಡ ಮಣ್ಣಿನ ಹರವಿ ಅರ್ಧಾ ಸೀಳಿ ಸಾಲಾಗಿ ಇಟ್ಟಾರ, ನಡುವ ನೀರಿನ ಕಾಲಿವಿ. ನೀರು ಬೇಕಾದ್ರ ಕೈ ಅಡ್ಡ ಇಟ್ಟ್ರ ಹರವಿಗೆ ತಿರಗ್ತದ. ವೈನಿ ಅಲ್ಲೆ ಕೈ ಇಟ್ಟು ನೀರು ತಿರುಗಿಸಿಕೋತ ಎಷ್ಟೋ ಹೊತ್ತು ನಿಂತಿದ್ರು. ಇಡೀ ಪ್ರವಾಸದಾಗ ಅವರು ತಾವಾಗಿ "ನಂದೊಂದು ಫೋಟೋ ತಗಿ" ಅಂದದ್ದು ಅಲ್ಲೆ. ತಗದಾಂವ ಅಣ್ಣ.

ಚಿಲಿದಾಗ ಒಳಗ ಹೋಗೂವಾಗ ತಿನಿಸು ತಪಾಸಣಿ ಭಾಳ ಕಟ್ಟುನಿಟ್ಟು. ಏನಿದ್ರೂ ಫಾರ್ಮಿನ್ಯಾಗ ಬರೀರಿ. ಬರದ್ರ ಬ್ಯಾಡಾದ್ದನ್ನ ತಗೊಂಡು ಬಿಡ್ತಾರ, ಮುಚ್ಚಿಟ್ರ ದಂಡಾ. ನಮ್ಮ ಧನಿಯಾ, ಮೆಂತ್ಯೆ ಹೋದೂ. ಉಳದಿದ್ದ ಚಟ್ನಿ ಮೂಸಿ ನೋಡಿದ ಸಾಹೇಬ ಒಂದು ಸಲ ಸೀನಿ ವಾಪಸ್ ಕೊಟ್ಟ.

ನೀವು ಇಂಥಾ ಪ್ರವಾಸ ಮಾಡೂವಾಗ ಮೂರು ನಾಲ್ಕು ಊರಿಗೊಂದು ಖಾಲಿ ದಿವಸ ಇಡ್ರಿ. ಯಾವ ಊರು ಬಿಟ್ರೂ ನಡೀತದ ಅಂತ ಮನ್ಯಾಗೇ ಮಾತಾಡಿ ಹೊಂಡ್ರಿ, ಅಲ್ಲೆ ಹೋದ ಮ್ಯಾಲೆ ಜಗಳಾಗ್ತದ. ದಿನಾ ಮುಂಜಾನೆ ಎಲ್ಲಾರೂ ಖರೇ ಖರೇ ಹೇಳಬೇಕು: ತಲಿ ನೋಯ್ತದೋ ಇಲ್ಲೋ, ಹೊಟ್ಟಿ ಹೆಂಗದ, ನಿದ್ದಿ ಬಂತೋ ಇಲ್ಲೋ. ಯಾರರ "ನೀವು ಹೋಗ್ರಿ" ಅಂದ್ರ ಅದು ಪರಿಹಾರ ಅಂತ ತಿಳಕೊಂಡು ಹೊಂಟುಬಿಡಬ್ಯಾಡ್ರಿ. ಕೂತು ಕೇಳ್ರಿ.

ಚಳಿಗಾಲದಾಗ ಕಾಶಿಗೆ ಹೋಗೂ ಮಾತು ನಡದದ. ಮೊನ್ನೆ ವೈನಿ ಫೋನ್ ಮಾಡಿದ್ರು. "ನಾ ಬರ್ತೀನಿ. ಮಣಕಾಲು ನೋಯ್ತಾವ, ಮೆಟ್ಟಲಾ ಕಡಿಮಿ ಇರೂ ಕಡೆ ರೂಮ್ ನೋಡ್ರಿ" ಅಂದ್ರು.