ಪಾತ್ರೆ ಮೇಲೆ ಹೆಸರು: ಆಗಿನ ಚಾಣ, ಈಗಿನ ಯಂತ್ರ

ನಾನು ಚಿಕ್ಕವನಿದ್ದಾಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾತ್ರೆ ಕೊಂಡವರು ಹೆಸರು ಹಾಕಿಸದೆ ಅಂಗಡಿ ಬಿಡುತ್ತಿರಲಿಲ್ಲ. ಮದುವೆ, ಮುಂಜಿ, ಗೃಹಪ್ರವೇಶ ಅಂದರೆ ಕೊಳಗ, ಕೊಪ್ಪರಿಗೆ, ಲೋಟಗಳು ಬೀದಿಯ ಎಲ್ಲ ಮನೆಗಳಿಂದ ಬರುತ್ತಿದ್ದವು. ಮುಸುರೆ ತಿಕ್ಕುವ ಕಡೆ ಎಲ್ಲವೂ ಒಟ್ಟಿಗೆ ಬೀಳುತ್ತಿದ್ದವು. ಯಾವುದು ಯಾರ ಮನೆಯದು ಎಂಬುದಕ್ಕೆ ಕಂಠದ ಕೆಳಗೆ ಕೆತ್ತಿದ ಹೆಸರೇ ಸಾಕ್ಷಿ. ಉಡುಗೊರೆಯಾದರೆ ಕೊಟ್ಟವರ ಹೆಸರೂ ತಾರೀಖೂ ಸೇರುತ್ತಿದ್ದವು.

ಹಿತ್ತಾಳೆ, ಕಂಚಿಗೆ ಚಾಣ ಮತ್ತು ಸಣ್ಣ ಸುತ್ತಿಗೆ ಸಾಕಾಗಿತ್ತು. ಚುಕ್ಕಿಯ ಪಕ್ಕ ಚುಕ್ಕಿ ಹೊಡೆಯುತ್ತ ಹೋದರೆ ಅಕ್ಷರ ಮೂಡುತ್ತಿತ್ತು. ಸ್ಟೀಲ್ ಪಾತ್ರೆಗಳು ಹೆಚ್ಚಿದ ಮೇಲೆ ಆ ಜಾಗಕ್ಕೆ ಕರೆಂಟಿನ ಪೆನ್ನು ಬಂತು. ಅದು ತಿರುಗುವುದಿಲ್ಲ, ಕುಟ್ಟುತ್ತದೆ. ನಮ್ಮ 50 ಹರ್ಟ್ಸ್ ಕರೆಂಟು ಒಳಗಿನ ಕಾಯಿಲ್ ಮೂಲಕ ಮೊನೆಯನ್ನು ಸೆಕೆಂಡಿಗೆ 100 ಸಲ, ಅಂದರೆ ನಿಮಿಷಕ್ಕೆ 6,000 ಸಲ ಆಡಿಸುತ್ತದೆ.

ಆ ಕೆಲಸ ಇವತ್ತಿನದಕ್ಕಿಂತ ಚೆಂದವಿತ್ತು ಎಂದು ಹೇಳಲಾರೆ. ಗಿರಾಕಿಗಳು ಸಾಲುಗಟ್ಟಿದ ದಿನ ಒತ್ತಕ್ಷರಗಳು ಬಿಟ್ಟುಹೋಗುತ್ತಿದ್ದವು, ಸಾಲು ಸೊಟ್ಟಗಾಗುತ್ತಿತ್ತು. ಕೆತ್ತುವವರ ಕಣ್ಣಿಗೆ ರಕ್ಷಣೆಯ ಕನ್ನಡಕವೂ ಇರುತ್ತಿರಲಿಲ್ಲ.

ಈಗ ಅಡುಗೆ ಕಾಂಟ್ರ್ಯಾಕ್ಟರು ಪಾತ್ರೆ ಸಮೇತ ಬರುತ್ತಾರೆ. ಎರವಲು ಕಡಿಮೆಯಾಗಿದೆ, ಹೆಸರಿನ ಅಗತ್ಯವೂ ಕಡಿಮೆಯಾಗಿದೆ. ಆದರೆ ಕೆತ್ತುವ ಯಂತ್ರ ಮಾತ್ರ ಅಂಗಡಿಯಿಂದ ಮನೆಗೆ ಬಂದಿದೆ. ಅಮೆರಿಕದ ವಿಸ್ಕಾನ್ಸಿನ್‌ನ ರೇಸೀನ್ ಊರಿನಲ್ಲಿ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ಕಂಪನಿ ಕಟ್ಟಿ, 1935ರಲ್ಲಿ ಕೈಯಲ್ಲಿ ಹಿಡಿಯುವ 'ಮೋಟೋ-ಟೂಲ್' ಹೊರತಂದರು. ಅದರ ಸಂತತಿಯೇ ಇಂದಿನ ರೋಟರಿ ಟೂಲ್. ಇದು ಪೆನ್ನಿನಂತೆ ಕುಟ್ಟುವುದಿಲ್ಲ, ತುದಿಗೆ ಸಿಕ್ಕಿಸಿದ ಬಿಟ್ಟು, ಅಂದರೆ ಕೆತ್ತುವ ಮೊನೆ, ತಿರುಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನಿನಲ್ಲೂ ಹಲವು ಹೆಸರುಗಳಲ್ಲಿ ಸಿಗುತ್ತದೆ. ನನ್ನ ಮನೆಯ ಮೇಜಿನ ಮೇಲೂ ಒಂದಿದೆ.

ಕೊಳ್ಳುವವರು ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡುತ್ತಾರೆ: ನಿಮಿಷಕ್ಕೆ 30,000 ಸುತ್ತು, 35,000 ಸುತ್ತು. ನೋಡಬೇಕಾದ್ದು ಅತಿ ಕಡಿಮೆ ವೇಗ ಎಷ್ಟು ಎಂಬುದನ್ನು. ಅಕ್ರಿಲಿಕ್ ಹಲಗೆಗೆ ಜೋರು ವೇಗ ಕೊಟ್ಟರೆ ಅದು ಕತ್ತರಿಸಿ ಬರುವುದಿಲ್ಲ, ಕರಗಿ ಬಿಟ್ಟಿಗೆ ಅಂಟುತ್ತದೆ. 5,000ದಿಂದ ಶುರುವಾಗಿ ಬೇಕಾದಂತೆ ಏರಿಸಲು ಬರುವ ಯಂತ್ರ ಒಳ್ಳೆಯದು. 3.2 ಮತ್ತು 2.4 ಮಿ.ಮೀ. ಬಿಟ್‌ಗಳನ್ನು ಹಿಡಿಯುವ ಕಾಲೆಟ್‌ಗಳು, ಸವೆದ ಕಾರ್ಬನ್ ಬ್ರಷ್ ಬದಲಾಯಿಸುವ ಸೌಲಭ್ಯ, ಪೆನ್ನಿನಂತೆ ಹಿಡಿಯಲು ಫ್ಲೆಕ್ಸಿಬಲ್ ಶಾಫ್ಟ್ ಇರಲಿ. ಬರಹ ಕೆತ್ತುವವರಿಗೆ ಈ ಶಾಫ್ಟ್ ಮುಖ್ಯ, ಮೋಟಾರಿನ ಭಾರ ಬೆರಳಿನ ಮೇಲೆ ಬೀಳುವುದಿಲ್ಲ.

ಬಿಟ್ಟನ್ನು ವಸ್ತು ನೋಡಿ ಆರಿಸಬೇಕು. ಗಾಜು, ಕಲ್ಲಿಗೆ ವಜ್ರದ ಪುಡಿ ಲೇಪಿಸಿದ್ದು, ಸ್ಟೀಲಿಗೆ ಕಾರ್ಬೈಡ್, ಮರಕ್ಕೆ, ಅಲ್ಯೂಮಿನಿಯಮ್ಮಿಗೆ ಹೈಸ್ಪೀಡ್ ಸ್ಟೀಲ್ ಆಗುತ್ತದೆ. ವಜ್ರದ ಬಿಟ್ಟನ್ನು ಸ್ಟೀಲಿನ ಮೇಲೆ ಜೋರಾಗಿ ಓಡಿಸಿದರೆ ಕಾವಿಗೆ ಬೇಗ ಹಾಳಾಗುತ್ತದೆ.

ಕನ್ನಡ ಅಕ್ಷರಕ್ಕೆ ಈ ಯಂತ್ರ ಸುಲಭವಾಗಿ ಬಗ್ಗುವುದಿಲ್ಲ. ಚುಕ್ಕಿ ಹೊಡೆಯುವ ಚಾಣಕ್ಕೆ ದುಂಡು ತಿರುವು ಕಷ್ಟವಾಗಿರಲಿಲ್ಲ, ಪ್ರತಿ ಚುಕ್ಕಿಗೂ ಅದು ಹೊಸ ಜಾಗದಲ್ಲಿ ನಿಲ್ಲುತ್ತಿತ್ತು. ತಿರುಗುವ ಬಿಟ್ಟು ತನ್ನ ಸುತ್ತಿನ ಕಡೆಗೇ ಎಳೆದು, ತಿರುವಿನಲ್ಲಿ ಜಾರುತ್ತದೆ. ಅದಕ್ಕೆ ಮೊದಲು ಕಾರ್ಬನ್ ಪೇಪರಿನಿಂದ ಅಕ್ಷರ ಮೂಡಿಸಿಕೊಳ್ಳಬೇಕು. ವಸ್ತುವನ್ನು ಕ್ಲಾಂಪಿನಲ್ಲಿ ಬಿಗಿದು, ಕಿರುಬೆರಳನ್ನು ಅದರ ಮೇಲೆ ಊರಬೇಕು. ತಿರುವನ್ನು ತುಂಡುತುಂಡಾಗಿ, ಒತ್ತದೆ, ಎರಡು ಮೂರು ಸಲ ಹಾಯಿಸಿ ಆಳ ಮಾಡಬೇಕು. ಒತ್ತಿದರೆ ಮೋಟಾರು ಕಾಯುತ್ತದೆ, ಗೆರೆ ಹಾದಿ ತಪ್ಪುತ್ತದೆ.

ಗಾಜು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಲ್ಲಿನ ಸಿಲಿಕಾ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು, ಅದಕ್ಕೆ ವಾಸಿಯಿಲ್ಲ. ಕೆತ್ತುವ ಜಾಗವನ್ನು ಒದ್ದೆಯಾಗಿಡಿ, ಆದರೆ ನೀರು ಮೋಟಾರಿನ ಹತ್ತಿರ ಹೋಗಬಾರದು. ಬಳೆ, ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು ಯಂತ್ರದ ಬಳಿ ಬರಬಾರದು.

ಸ್ಟೀಲ್ ಪಾತ್ರೆಗೆ ಹೆಸರು ಹಾಕುವುದಷ್ಟೇ ಕೆಲಸವಾದರೆ ಹಳೆಯ ಕುಟ್ಟುವ ಪೆನ್ನೇ ಮೇಲು. ಅದು ಅಗ್ಗ, ಜಾರುವುದೂ ಕಡಿಮೆ. ಮರ, ಗಾಜು, ಕಲ್ಲು ಎಲ್ಲವನ್ನೂ ಕೆತ್ತುವ ಮನಸ್ಸಿದ್ದವರು ರೋಟರಿ ಟೂಲ್ ಕೊಳ್ಳಿ. ಕೊಳ್ಳುವ ದಿನವೇ ಕಣ್ಣಿಗೆ ಕನ್ನಡಕ, ಮೂಗಿಗೆ ಎನ್-95 ಮಾಸ್ಕ್ ಕೊಂಡುಕೊಳ್ಳಿ. ಅವಿಲ್ಲದೆ ಸ್ವಿಚ್ ಹಾಕಬೇಡಿ.